ಧ್ವನಿಪೆಟ್ಟಿಗೆ ಉಳಿದರೆ ಸಾಕೇ? ಗಂಟಲು ಕ್ಯಾನ್ಸರಿನ ಚಿಕಿತ್ಸೆಯಲ್ಲಿ ದನಿ ಮತ್ತು ನುಂಗುವಿಕೆ

ಹೊಂಗೆನೆರಳು:

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನಿಗೆ ಈಗ 61 ವರ್ಷ. ಬದುಕಿನ ಬಹುಭಾಗವನ್ನು ತರಗತಿಯಲ್ಲಿ ನಿಂತು ಪಾಠ ಹೇಳುವುದರಲ್ಲಿಯೇ ಕಳೆದವರು. ನಾಲ್ಕು ತಿಂಗಳ ಹಿಂದೆ ದನಿ ಒಡೆಯತೊಡಗಿತು. ನೆಗಡಿಯಿಂದ ಹೀಗಾಗಿದೆಯೆಂದು ನಾವೆಲ್ಲ ಸುಮ್ಮನಿದ್ದೆವು. ಆಮೇಲೆ ನುಂಗುವಾಗಲೆಲ್ಲ ಎಡಗಿವಿಯೊಳಗೆ ಚುಚ್ಚಿದಂತಹ ನೋವು ಕಾಣಿಸಿಕೊಂಡಿತು. ಕಿವಿಯಲ್ಲಿ ಏನೂ ದೋಷವಿರಲಿಲ್ಲ. ಬಯಾಪ್ಸಿ ಮಾಡಿಸಿದಾಗ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಎಂದು ಖಚಿತವಾಯಿತು. ಗಡ್ಡೆಯು ಧ್ವನಿತಂತುಗಳ ಮೇಲ್ಭಾಗದಲ್ಲಿ ಹುಟ್ಟಿ ಕೆಳಗಿಳಿದಿದೆಯೆಂದೂ ಎಡಗಡೆಯ ತಂತು ಅಲುಗುತ್ತಿಲ್ಲವೆಂದೂ ವರದಿಯಲ್ಲಿ ಬರೆದಿದ್ದಾರೆ.

ಒಬ್ಬ ವೈದ್ಯರು ಕೀಮೋ ಮತ್ತು ರೇಡಿಯೇಷನ್ ಎರಡನ್ನೂ ಒಟ್ಟಿಗೆ ಕೊಡಬಹುದು, ಆಗ ಧ್ವನಿಪೆಟ್ಟಿಗೆ ಉಳಿಯುತ್ತದೆ ಎಂದಿದ್ದಾರೆ. ಇನ್ನೊಬ್ಬರು, ಧ್ವನಿಪೆಟ್ಟಿಗೆಯ ಒಂದು ಭಾಗವನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ನೋಡೋಣ, ಆಗದಿದ್ದರೆ ಪೂರ್ತಿ ತೆಗೆಯಬೇಕಾದೀತು ಎಂದಿದ್ದಾರೆ. ಆ ಮಾತು ಕಿವಿಗೆ ಬಿದ್ದ ಕ್ಷಣದಿಂದ ಅಣ್ಣ, ದನಿ ಹೋಗುವುದಾದರೆ ನನಗೆ ಚಿಕಿತ್ಸೆಯೇ ಬೇಡ ಎಂದು ಹಟ ಹಿಡಿದು ಕುಳಿತಿದ್ದಾರೆ. ನನ್ನ ಪ್ರಶ್ನೆ ಒಂದೇ. ಈ ದಾರಿಗಳಲ್ಲಿ ಯಾವುದು ದನಿಯನ್ನು ಹೆಚ್ಚು ಉಳಿಸುತ್ತದೆ? ಬಲ್ಲವರು ದಯವಿಟ್ಟು ತಿಳಿಸಿ.

ಹಗಲುಪಾಳಿ:

ಹೊಂಗೆನೆರಳು ಅವರೇ, ನಾನು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮಾಡುವವನು. ನಿಮ್ಮ ಅಣ್ಣನವರ ಗಂಟಲನ್ನು ಕಣ್ಣಾರೆ ನೋಡದೆ ಇಂಥದ್ದನ್ನೇ ಮಾಡಿಸಿ ಎಂದು ಹೇಳುವುದು ತಪ್ಪಾಗುತ್ತದೆ. ಆದರೆ ಈ ತೀರ್ಮಾನ ಯಾವುದರ ಮೇಲೆ ನಿಂತಿರುತ್ತದೆ ಎಂಬುದನ್ನು ವಿವರಿಸಬಲ್ಲೆ.

ಹೆಸರೇ ಧ್ವನಿಪೆಟ್ಟಿಗೆ ಎಂದಿರುವುದರಿಂದ ಅದರ ಕೆಲಸ ಮಾತು ಮಾತ್ರವೆಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಅದು ಮೊದಲಿಗೆ ಒಂದು ಕಾವಲುಬಾಗಿಲು. ಬಾಯಿಂದ ಇಳಿಯುವ ಆಹಾರದ ದಾರಿಯೂ ಮೂಗಿನಿಂದ ಇಳಿಯುವ ಗಾಳಿಯ ದಾರಿಯೂ ಗಂಟಲಿನಲ್ಲಿ ಒಂದನ್ನೊಂದು ದಾಟುತ್ತವೆ. ನಾವು ನುಂಗಿದಾಗ ಇಡೀ ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಎದ್ದು ನಾಲಿಗೆಯ ಬುಡದಡಿ ಅಡಗುತ್ತದೆ, ಎಪಿಗ್ಲಾಟಿಸ್ ಎಂಬ ಎಲೆಯಾಕಾರದ ಮುಚ್ಚಳ ಅದರ ಬಾಯಿಯ ಮೇಲೆ ಬಾಗುತ್ತದೆ, ಒಳಗೆ ಧ್ವನಿತಂತುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಅದೇ ಹೊತ್ತಿಗೆ ಅನ್ನನಾಳದ ಬಾಯಿಯ ಬಿಗಿಸ್ನಾಯು ಸಡಿಲವಾಗಿ ತೆರೆದುಕೊಳ್ಳುತ್ತದೆ. ಇಷ್ಟೂ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ದನಿಯು ಇದೇ ಕಾವಲುಬಾಗಿಲು ಗಾಳಿಗೆ ಕಂಪಿಸಿದಾಗ ಹುಟ್ಟುವಂಥದ್ದು. ಆದ್ದರಿಂದ ದನಿಯನ್ನು ಮಾತ್ರ ಉಳಿಸುವ ಶಸ್ತ್ರಚಿಕಿತ್ಸೆ ಎಂಬುದು ಇಲ್ಲ. ಬಾಗಿಲು ಮುಚ್ಚುವ ಶಕ್ತಿಯನ್ನು ಉಳಿಸಿದರೆ ನುಂಗುವಿಕೆ ಉಳಿಯುತ್ತದೆ, ಅದರ ಜೊತೆಗೆ ಬಳಸಬಹುದಾದ ದನಿಯೂ ಉಳಿಯುತ್ತದೆ.

ಭಾಗಶಃ ತೆಗೆಯಬೇಕೆಂದರೆ ಶಸ್ತ್ರವೈದ್ಯನಿಗೆ ಕನಿಷ್ಠ ಎರಡು ಸಂಗತಿಗಳು ಬೇಕೇ ಬೇಕು. ಮೊದಲನೆಯದು ಕ್ರೈಕಾಯ್ಡ್ ಎಂಬ ಮೃದ್ವಸ್ಥಿಯ ಉಂಗುರ. ಉಸಿರಿನ ದಾರಿಯಲ್ಲಿ ಪೂರ್ಣ ಸುತ್ತಾಗಿರುವ ಮೃದ್ವಸ್ಥಿ ಇದೊಂದೇ, ಇದು ಹೋದರೆ ದಾರಿ ಕುಸಿಯುತ್ತದೆ. ಎರಡನೆಯದು ಆ ಉಂಗುರದ ಮೇಲೆ ಕುಳಿತ ಅರಿಟಿನಾಯ್ಡ್ ಎಂಬ ಪುಟ್ಟ ಮೃದ್ವಸ್ಥಿಗಳಲ್ಲಿ ಒಂದಾದರೂ ತನ್ನ ಕೀಲು, ಸ್ನಾಯು ಮತ್ತು ನರಗಳೊಂದಿಗೆ ಅಲುಗುವ ಸ್ಥಿತಿಯಲ್ಲಿ ಇರುವುದು. 1959ರಲ್ಲಿ ಮೇಯರ್ ಮತ್ತು ರೀಡರ್ ಮೊದಲು ವರ್ಣಿಸಿ, ಅನಂತರ ಫ್ರಾನ್ಸಿನ ಶಸ್ತ್ರವೈದ್ಯರು ಬೆಳೆಸಿದ ಒಂದು ವಿಧಾನದಲ್ಲಿ ಎರಡೂ ಧ್ವನಿತಂತುಗಳನ್ನೂ ಅವುಗಳ ಮುಂದೆ ಗುರಾಣಿಯಂತಿರುವ ಥೈರಾಯ್ಡ್ ಮೃದ್ವಸ್ಥಿಯನ್ನೂ ತೆಗೆದು, ಕ್ರೈಕಾಯ್ಡ್ ಉಂಗುರವನ್ನು ಮೇಲಕ್ಕೆಳೆದು ನಾಲಿಗೆಯ ಬುಡದ ಹಯಾಯ್ಡ್ ಮೂಳೆಗೆ ಬಿಗಿಯಾಗಿ ಹೊಲಿಯುತ್ತಾರೆ. ಉಳಿದ ಅರಿಟಿನಾಯ್ಡ್ ಮುಂದಕ್ಕೆ ಬಾಗಿ ನಾಲಿಗೆಯ ಬುಡವನ್ನು ಮುಟ್ಟುತ್ತದೆ, ಅದೇ ಹೊಸ ಬಾಗಿಲಾಗುತ್ತದೆ. ದನಿ ಒರಟಾಗಿ, ಗಾಳಿ ಬೆರೆತಂತೆ ಇರುತ್ತದೆ. ಆದರೆ ಕುತ್ತಿಗೆಯಲ್ಲಿ ಶಾಶ್ವತ ರಂಧ್ರವಿರುವುದಿಲ್ಲ.

ಇಲ್ಲಿ ನೀವು ಕೇಳಲೇಬೇಕಾದದ್ದು ವರದಿಯ ಒಂದು ಪದದ ಅರ್ಥವನ್ನು. ಎಡತಂತು ಅಲುಗುತ್ತಿಲ್ಲ ಎಂದರೆ ತಂತು ಮಾತ್ರ ನಿಂತಿದೆಯೇ, ಅರಿಟಿನಾಯ್ಡ್ ಕೂಡ ನಿಂತಿದೆಯೇ? ತಂತು ನಿಂತು ಅರಿಟಿನಾಯ್ಡ್ ಆಡುತ್ತಿದ್ದರೆ ಭಾಗಶಃ ಶಸ್ತ್ರಚಿಕಿತ್ಸೆಯ ಮಾತು ಎತ್ತಬಹುದು. ಕೀಲೇ ಗಡ್ಡೆಯಲ್ಲಿ ಹೂತು ಹೋಗಿದ್ದರೆ ಈ ವಿಧಾನದ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ. ಇನ್ನೊಂದು ವಿಷಯ ಶ್ವಾಸಕೋಶದ್ದು. ಇಂತಹ ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಅಷ್ಟಿಷ್ಟು ದ್ರವ ಶ್ವಾಸನಾಳಕ್ಕೆ ಇಳಿದೇ ಇಳಿಯುತ್ತದೆ, ಅದನ್ನು ಕೆಮ್ಮಿ ಹೊರಹಾಕುವ ಬಲ ರೋಗಿಗಿರಬೇಕು. ಎರಡು ಮಹಡಿಯ ಮೆಟ್ಟಿಲುಗಳನ್ನು ಏದುಸಿರಿಲ್ಲದೆ ಹತ್ತಬಲ್ಲರೇ ಎಂದು ಹಿರಿಯರು ನಮಗೆ ಕೇಳಲು ಕಲಿಸಿದ್ದರು, ಈಗಲೂ ನಾನು ಅದನ್ನೇ ಮೊದಲು ಕೇಳುತ್ತೇನೆ.

ತಿಳಿನೀರು:

ಹಗಲುಪಾಳಿಯವರು ಹೇಳಿದ್ದಕ್ಕೆ ನನ್ನ ಕೆಲಸದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಾನು ಮಾತು ಮತ್ತು ನುಂಗುವಿಕೆಯ ಚಿಕಿತ್ಸಕಿ. ನನ್ನ ಬಳಿಗೆ ಬರುವ ಕುಟುಂಬಗಳು ಮೊದಲು ಕೇಳುವುದು ದನಿಯನ್ನು. ಆರು ತಿಂಗಳ ಅನಂತರ ಅದೇ ಮನೆಯವರು ಕಣ್ಣೀರಿಟ್ಟು ಮಾತನಾಡುವುದು ಬಹುತೇಕ ನುಂಗುವಿಕೆಯ ಬಗ್ಗೆ. ಒರಟು ದನಿಗೆ ಮನೆಯವರು ಹೇಗೋ ಹೊಂದಿಕೊಳ್ಳುತ್ತಾರೆ, ಪ್ರತಿ ಗುಟುಕಿಗೂ ಕೆಮ್ಮುವವರ ಎದುರು ಕುಳಿತು ಉಣ್ಣುವುದಕ್ಕೆ ಮಾತ್ರ ಯಾರಿಗೂ ಹೊಂದಿಕೊಳ್ಳಲು ಆಗುವುದಿಲ್ಲ.

ಹೊಂಗೆನೆರಳು ಅವರೇ, ಚಿಕಿತ್ಸೆ ಯಾವುದೇ ಆಗಲಿ, ಅದು ಆರಂಭವಾಗುವ ಮೊದಲೇ ಅಣ್ಣನವರ ನುಂಗುವಿಕೆಯನ್ನು ಪರೀಕ್ಷಿಸಲು ಕೇಳಿ. ಎರಡು ವಿಧಾನಗಳಿವೆ. ಒಂದರಲ್ಲಿ ಬೇರಿಯಂ ಬೆರೆಸಿದ ದ್ರವವನ್ನು ನುಂಗಿಸಿ ಅದು ಸಾಗುವ ದಾರಿಯನ್ನು ಎಕ್ಸ್‌ರೇ ವಿಡಿಯೋದಲ್ಲಿ ನೋಡುತ್ತಾರೆ. ಇನ್ನೊಂದರಲ್ಲಿ ಮೂಗಿನ ಮೂಲಕ ತೆಳ್ಳನೆಯ ಎಂಡೋಸ್ಕೋಪನ್ನು ಇಳಿಸಿ, ಬಣ್ಣ ಹಾಕಿದ ನೀರನ್ನೋ ಮೆತ್ತಗಿನ ಆಹಾರವನ್ನೋ ನುಂಗುವಾಗ ಧ್ವನಿಪೆಟ್ಟಿಗೆಯನ್ನು ಮೇಲಿನಿಂದ ನೇರವಾಗಿ ನೋಡುತ್ತಾರೆ. ಕೆಮ್ಮು ಬರುತ್ತಿಲ್ಲ, ಆದ್ದರಿಂದ ನುಂಗುವುದು ಸರಿಯಾಗಿದೆ ಎಂದು ತಿಳಿಯಬೇಡಿ. ಧ್ವನಿಪೆಟ್ಟಿಗೆಯ ಒಳಪದರಕ್ಕೆ ಸ್ಪರ್ಶಜ್ಞಾನ ಕೊಡುವ ನರ ಮಂಕಾಗಿದ್ದರೆ ದ್ರವ ಶ್ವಾಸನಾಳಕ್ಕೆ ಬಿದ್ದರೂ ಕೆಮ್ಮೇ ಬರುವುದಿಲ್ಲ. ನಾವು ಹೆಚ್ಚು ಹೆದರುವುದು ಈ ಸದ್ದಿಲ್ಲದ ಜಾರುವಿಕೆಗೆ. ಮತ್ತೆ ಮತ್ತೆ ನ್ಯುಮೋನಿಯಾ ಬಂದಾಗಲಷ್ಟೇ ಅದು ಹೊರಗೆ ಕಾಣಿಸಿಕೊಳ್ಳುತ್ತದೆ.

ಪರೀಕ್ಷೆ ಮುಗಿದ ಮೇಲೆ ವ್ಯಾಯಾಮಗಳನ್ನು ಚಿಕಿತ್ಸೆಗೆ ಮೊದಲೇ ಕಲಿಸಬೇಕು. ನೋವು ಮತ್ತು ಊತ ಬಂದ ಮೇಲೆ ಹೊಸದನ್ನು ಕಲಿಯುವುದು ಬಹಳ ಕಷ್ಟ. ಭಾಗಶಃ ಶಸ್ತ್ರಚಿಕಿತ್ಸೆಯಾದವರಿಗೆ ನಾವು ಹೇಳಿಕೊಡುವ ಒಂದು ಕ್ರಮವನ್ನು ಉದಾಹರಣೆಗೆ ಬರೆಯುತ್ತೇನೆ: ಉಸಿರೆಳೆದು ಬಿಗಿ ಹಿಡಿಯುವುದು, ಹಿಡಿದಂತೆಯೇ ನುಂಗುವುದು, ನುಂಗಿದ ತಕ್ಷಣ ಉಸಿರೆಳೆಯದೆ ಮೊದಲು ಕೆಮ್ಮುವುದು, ಮತ್ತೊಮ್ಮೆ ನುಂಗಿ ಆಮೇಲೆ ಉಸಿರಾಡುವುದು. ಓದುವಾಗ ಸರಳವಾಗಿ ಕಾಣುತ್ತದೆ, ಗಾಬರಿಯಲ್ಲಿರುವ ಮನುಷ್ಯನಿಗೆ ಇದು ಕೈಗೂಡಲು ದಿನಗಟ್ಟಲೆ ಅಭ್ಯಾಸ ಬೇಕು. ಇದನ್ನು ಓದಿಕೊಂಡು ಮನೆಯಲ್ಲಿ ತಾವಾಗಿಯೇ ಆರಂಭಿಸಬೇಡಿ. ಯಾರಿಗೆ ಯಾವ ಭಂಗಿ ಹೊಂದುತ್ತದೆ ಎಂಬುದು ಪರೀಕ್ಷೆಯಲ್ಲಿ ಕಂಡ ದೋಷದ ಮೇಲೆ ನಿಲ್ಲುತ್ತದೆ.

ಮುಂಜಾವು:

ನಾನು ವೈದ್ಯೆಯಲ್ಲ. ನನ್ನ ಯಜಮಾನರಿಗೆ ಇದೇ ಕಾಯಿಲೆಯಾಗಿತ್ತು. ಧ್ವನಿಪೆಟ್ಟಿಗೆ ಉಳಿಸುತ್ತೇವೆ ಎಂದರು, ಉಳಿಸಿದರು. ಕೀಮೋ ಮತ್ತು ರೇಡಿಯೇಷನ್ ಏಳು ವಾರ ನಡೆಯಿತು, ಕ್ಯಾನ್ಸರ್ ಹೋಯಿತು, ಅದಕ್ಕೆ ನಾನು ಇಂದಿಗೂ ಕೃತಜ್ಞಳು. ಮೊದಲ ಎರಡು ವರ್ಷ ಮೆತ್ತಗಿನದನ್ನು ಉಣ್ಣುತ್ತಿದ್ದರು. ಆಮೇಲೆ ಕುತ್ತಿಗೆ ಹಲಗೆಯಂತೆ ಗಡುಸಾಗತೊಡಗಿತು. ಐದನೆಯ ವರ್ಷಕ್ಕೆ ನೀರು ಕೂಡ ಇಳಿಯದಾಯಿತು, ಎರಡು ಸಲ ನ್ಯುಮೋನಿಯಾ ಬಂತು, ಈಗ ಹೊಟ್ಟೆಗೆ ಹಾಕಿದ ನಳಿಕೆಯಿಂದಲೇ ಎಲ್ಲ. ಚಿಕಿತ್ಸೆಯ ಹೊತ್ತಿನಲ್ಲಿ ಬಾಯಿಹುಣ್ಣಿನ ನೋವಿಗೆ ತಿನ್ನುವುದನ್ನು ಪೂರ್ತಿ ನಿಲ್ಲಿಸಿಬಿಟ್ಟಿದ್ದರು. ಗುಟುಕಾದರೂ ನುಂಗುತ್ತಿರಿ ಎಂದು ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತೋ ತಿಳಿಯದು, ಆದರೆ ಆ ಮಾತು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ನಿಮ್ಮ ಅಣ್ಣನವರಿಗೆ ನನ್ನದೊಂದು ಮಾತು ತಲುಪಿಸಿ. ಉಳಿಸುತ್ತೇವೆ ಎಂದಾಗ, ಏನನ್ನು ಉಳಿಸುತ್ತೀರಿ ಎಂದು ಕೇಳಲು ಹೇಳಿ.

ಕಿರಣರೇಖೆ:

ಮುಂಜಾವು ಅವರ ಅನುಭವವನ್ನು ಓದಿ ಬಹಳ ನೋವಾಯಿತು. ನಾನು ರೇಡಿಯೇಷನ್ ಚಿಕಿತ್ಸೆ ನೀಡುವ ವೈದ್ಯ. ಅವರು ಹೇಳಿದ ತೊಂದರೆ ನಿಜವಾದದ್ದು, ತಡವಾಗಿ ಬರುವಂಥದ್ದು, ಅದನ್ನು ನಮ್ಮಲ್ಲಿ ಕೆಲವರು ರೋಗಿಗೆ ಸಾಕಷ್ಟು ಬಿಡಿಸಿ ಹೇಳುವುದಿಲ್ಲ ಎಂಬುದೂ ನಿಜ. ಆದರೂ ಈ ಚರ್ಚೆ ಓದಿದವರು ರೇಡಿಯೇಷನ್ ಎಂದರೆ ನುಂಗುವಿಕೆ ಹೋದಂತೆಯೇ ಎಂದು ತೀರ್ಮಾನಿಸಿಬಿಟ್ಟರೆ ಅದು ಇನ್ನೊಂದು ಬಗೆಯ ಅನ್ಯಾಯವಾಗುತ್ತದೆ.

1991ರಲ್ಲಿ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ 332 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಗುವವರೆಗೆ, ಮುಂದುವರಿದ ಹಂತದ ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ ಪೂರ್ತಿ ತೆಗೆಯುವುದೇ ರೂಢಿಯಾಗಿತ್ತು. ಆ ಅಧ್ಯಯನದಲ್ಲಿ ಒಂದು ಗುಂಪಿಗೆ ರೂಢಿಯಂತೆ ಶಸ್ತ್ರಚಿಕಿತ್ಸೆ ಮಾಡಿ ರೇಡಿಯೇಷನ್ ಕೊಟ್ಟರು, ಇನ್ನೊಂದು ಗುಂಪಿಗೆ ಮೊದಲು ಕೀಮೋ ಕೊಟ್ಟು, ಗಡ್ಡೆ ಕರಗಿದವರಿಗೆ ರೇಡಿಯೇಷನ್ ಕೊಟ್ಟರು. ಎರಡು ವರ್ಷದ ಅನಂತರ ಎರಡೂ ಗುಂಪುಗಳಲ್ಲಿ ಬದುಕುಳಿದವರ ಪ್ರಮಾಣ ಶೇ. 68 ಆಗಿತ್ತು, ಕೀಮೋ ಪಡೆದವರಲ್ಲಿ ಶೇ. 64 ಮಂದಿಗೆ ಧ್ವನಿಪೆಟ್ಟಿಗೆ ಉಳಿದಿತ್ತು. 2003ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಕೀಮೋ ಮತ್ತು ರೇಡಿಯೇಷನ್ ಒಟ್ಟಿಗೆ ಪಡೆದವರಲ್ಲಿ ಎರಡು ವರ್ಷಕ್ಕೆ ಶೇ. 88 ಮಂದಿ ಧ್ವನಿಪೆಟ್ಟಿಗೆ ಉಳಿಸಿಕೊಂಡರು. ಇದರಿಂದ ಅಸಂಖ್ಯ ಜನ ತಮ್ಮದೇ ದನಿಯಲ್ಲಿ ಮಾತನಾಡುತ್ತಿದ್ದಾರೆ, ಬಾಯಿಂದಲೇ ಉಣ್ಣುತ್ತಿದ್ದಾರೆ. ಈಗ ಕಿರಣಗಳನ್ನು ಗಡ್ಡೆಯ ಆಕಾರಕ್ಕೆ ತಕ್ಕಂತೆ ರೂಪಿಸಿ, ನುಂಗಲು ಬೇಕಾದ ಗಂಟಲಿನ ಹಿಂಭಾಗದ ಸ್ನಾಯುಗಳಿಗೆ ಬೀಳುವ ಪ್ರಮಾಣವನ್ನು ತಗ್ಗಿಸುವುದು ಎಷ್ಟೋ ರೋಗಿಗಳಲ್ಲಿ ಸಾಧ್ಯ. ಶಸ್ತ್ರಚಿಕಿತ್ಸೆಯೂ ನುಂಗುವಿಕೆಗೆ ಪೆಟ್ಟು ಕೊಡುತ್ತದೆ ಎಂಬುದನ್ನು ಮರೆಯಬಾರದು. ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಆರಂಭಿಕ ಕ್ಯಾನ್ಸರಿನಲ್ಲಿ ರೋಬೋಟ್ ಶಸ್ತ್ರಚಿಕಿತ್ಸೆಯನ್ನೂ ರೇಡಿಯೇಷನ್ನನ್ನೂ ನೇರವಾಗಿ ಹೋಲಿಸಿದ 68 ರೋಗಿಗಳ ಅಧ್ಯಯನವೊಂದು 2019ರಲ್ಲಿ ಬಂತು. ಒಂದು ವರ್ಷದ ಅನಂತರ ನುಂಗುವಿಕೆಯ ಅಂಕ ರೇಡಿಯೇಷನ್ ಗುಂಪಿನಲ್ಲಿಯೇ ತುಸು ಮೇಲಿತ್ತು, ಆದರೆ ಆ ಅಂತರ ದಿನನಿತ್ಯದ ಬದುಕಿನಲ್ಲಿ ಎದ್ದು ಕಾಣುವಷ್ಟು ದೊಡ್ಡದಾಗಿರಲಿಲ್ಲ.

ಹಗಲುಪಾಳಿ:

ಕಿರಣರೇಖೆಯವರು ಕೊಟ್ಟ ಅಂಕಿಗಳು ಸರಿ, ಅವರ ಕಾಳಜಿಯನ್ನೂ ಒಪ್ಪುತ್ತೇನೆ. ಆದರೆ ಶೇ. 88 ಎಂಬುದನ್ನು ಓದುವಾಗ ಎರಡು ಸಂಗತಿಗಳನ್ನು ಜೊತೆಗಿಟ್ಟುಕೊಳ್ಳಬೇಕು. ಮೊದಲನೆಯದಾಗಿ, ಅಲ್ಲಿ ಎಣಿಸಿದ್ದು ಧ್ವನಿಪೆಟ್ಟಿಗೆ ದೇಹದಲ್ಲಿ ಉಳಿಯಿತೇ ಎಂಬುದನ್ನು. ಅದು ಕೆಲಸ ಮಾಡುತ್ತಿದೆಯೇ ಎಂಬುದು ಬೇರೆಯ ಪ್ರಶ್ನೆ. ಮುಂಜಾವು ಅವರ ಯಜಮಾನರು ಕೂಡ ಅಂತಹ ಎಣಿಕೆಯಲ್ಲಿ ಯಶಸ್ಸಿನ ಪಟ್ಟಿಗೇ ಸೇರುತ್ತಾರೆ. ಅದೇ ಅಧ್ಯಯನದ ಹತ್ತು ವರ್ಷಗಳ ಫಲಿತಾಂಶ 2013ರಲ್ಲಿ ಬಂದಾಗ, ಎರಡೂ ಒಟ್ಟಿಗೆ ಪಡೆದ ಗುಂಪಿನಲ್ಲಿ ಕ್ಯಾನ್ಸರಿಗೆ ಸಂಬಂಧಿಸದ ಸಾವುಗಳು ಉಳಿದ ಗುಂಪುಗಳಿಗಿಂತ ಹೆಚ್ಚಾಗಿದ್ದವು. ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುವ ಆಹಾರವೂ ಅದಕ್ಕೊಂದು ಕಾರಣವಿರಬಹುದೇ ಎಂಬ ಅನುಮಾನ ನಮ್ಮ ನಡುವೆ ಇದೆ, ಅದು ಸಾಬೀತಾಗಿಲ್ಲ. ಎರಡನೆಯದಾಗಿ, ಗಡ್ಡೆಯು ಮೃದ್ವಸ್ಥಿಯನ್ನು ಭೇದಿಸಿ ಹೊರಬಂದಿದ್ದ ರೋಗಿಗಳನ್ನು ಆ ಅಧ್ಯಯನಕ್ಕೆ ಸೇರಿಸಿಕೊಳ್ಳಲೇ ಇಲ್ಲ. 1991ರ ಅಧ್ಯಯನದಲ್ಲಿ ಗಡ್ಡೆಯು ಟಿ4 ಎಂಬ ಕೊನೆಯ ದರ್ಜೆಗೆ ಬೆಳೆದಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೊನೆಗೂ ಪೂರ್ತಿ ತೆಗೆಯಬೇಕಾಗಿ ಬಂದಿತ್ತು. ರೇಡಿಯೇಷನ್ ಆದ ಗಂಟಲಿನಲ್ಲಿ ಗಾಯ ಮಾಯುವುದು ನಿಧಾನ, ಹೊಲಿಗೆ ಬಿಟ್ಟು ಜೊಲ್ಲು ಕುತ್ತಿಗೆಯಿಂದ ಸೋರುವ ಸಂಭವ ಹೆಚ್ಚು. ಹಾಗಾಗಿ ಮೊದಲು ಅದನ್ನು ನೋಡೋಣ, ಆಗದಿದ್ದರೆ ಶಸ್ತ್ರಚಿಕಿತ್ಸೆ ಇದ್ದೇ ಇದೆ ಎಂಬ ಮಾತು ಕೇಳುವಷ್ಟು ಹಗುರವಾದದ್ದಲ್ಲ.

ಈ ಚರ್ಚೆಯನ್ನು ಓದುವ ಇತರರಿಗಾಗಿ ಒಂದು ಮಾತು. ಗಡ್ಡೆ ಧ್ವನಿತಂತುವಿನ ಮೇಲಷ್ಟೇ ಇದ್ದಾಗ ಪತ್ತೆಯಾದರೆ ಈ ಕಷ್ಟದ ಆಯ್ಕೆಗಳೇ ಇರುವುದಿಲ್ಲ. ಬಾಯಿಯ ಮೂಲಕವೇ ಲೇಸರ್ ಬಳಸಿ ಅದನ್ನು ತೆಗೆಯಬಹುದು, ಅಥವಾ ಆರು ವಾರಗಳ ರೇಡಿಯೇಷನ್ ಸಾಕಾಗುತ್ತದೆ. ಎರಡರಲ್ಲಿಯೂ ಗುಣವಾಗುವ ಸಂಭವ ಬಹಳ ಹೆಚ್ಚು, ನುಂಗುವಿಕೆಗೆ ಹೆಚ್ಚಿನ ಧಕ್ಕೆಯಿಲ್ಲ. ಮೂರು ವಾರ ಮೀರಿದ ದನಿಯ ಒಡಕನ್ನು ಯಾರೂ ನೆಗಡಿಯೆಂದು ಬಿಡಬಾರದು.

ಎರಡನೆಯದನಿ:

ಹೊಂಗೆನೆರಳು ಅವರೇ, ನಾನು ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಸಿಕೊಂಡು ಏಳು ವರ್ಷವಾಯಿತು. ನಿಮ್ಮ ಅಣ್ಣನವರು ಹೆದರುತ್ತಿರುವುದು ನನ್ನಂತಾಗುವುದಕ್ಕೆ. ಆದ್ದರಿಂದ ನಾನು ಹೇಗಿದ್ದೇನೆ ಎಂದು ಬರೆಯುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ನನ್ನ ಶ್ವಾಸನಾಳ ಈಗ ಕುತ್ತಿಗೆಯ ತಗ್ಗಿನಲ್ಲಿ ಒಂದು ರಂಧ್ರವಾಗಿ ತೆರೆದುಕೊಂಡಿದೆ. ಉಸಿರಿಗೂ ಬಾಯಿಗೂ ಸಂಬಂಧವೇ ಇಲ್ಲ. ಶ್ವಾಸನಾಳದ ಹಿಂದಿನ ಗೋಡೆಯಿಂದ ಅನ್ನನಾಳಕ್ಕೆ ಒಂದು ಸಣ್ಣ ದಾರಿ ಮಾಡಿ, ಅಲ್ಲಿ ಒಮ್ಮುಖವಾಗಿ ತೆರೆಯುವ ಸಿಲಿಕಾನ್ ಕವಾಟವನ್ನು ಕೂರಿಸಿದ್ದಾರೆ. ಸಿಂಗರ್ ಮತ್ತು ಬ್ಲಾಮ್ ಎಂಬ ಇಬ್ಬರು 1980ರಲ್ಲಿ ಪ್ರಕಟಿಸಿದ ವಿಧಾನವಿದು ಎಂದು ನನ್ನ ವೈದ್ಯರು ಹೇಳಿದ್ದರು. ಉಸಿರೆಳೆದು, ಹೆಬ್ಬೆರಳಿನಿಂದ ರಂಧ್ರವನ್ನು ಮುಚ್ಚಿ ಊದಿದಾಗ ಗಾಳಿ ಕವಾಟದ ಮೂಲಕ ಅನ್ನನಾಳಕ್ಕೆ ಹೋಗಿ ಗಂಟಲಿನ ಗೋಡೆಯನ್ನು ನಡುಗಿಸುತ್ತದೆ. ಆ ನಡುಕವೇ ನನ್ನ ದನಿ. ತಗ್ಗಿನ, ಗೊಗ್ಗರು ದನಿ. ಫೋನಿನಲ್ಲಿ ಅಪರಿಚಿತರು ಮೊದಲ ವಾಕ್ಯಕ್ಕೆ ತಡವರಿಸುತ್ತಾರೆ, ಮೂರನೆಯ ವಾಕ್ಯಕ್ಕೆ ಮಾತು ಸಾಗುತ್ತದೆ. ನಗುವ ಸದ್ದು ಮಾತ್ರ ಹಿಂತಿರುಗಲಿಲ್ಲ. ಅದರ ಕೊರತೆ ನನಗಿಂತ ನನ್ನ ಮಕ್ಕಳಿಗೆ ಹೆಚ್ಚು.

ಆದರೆ ನಾನು ನಿರ್ಭಯವಾಗಿ ಉಣ್ಣುತ್ತೇನೆ. ಕವಾಟ ಸರಿಯಾಗಿರುವವರೆಗೆ ಆಹಾರ ಶ್ವಾಸಕೋಶಕ್ಕೆ ಹೋಗಲು ದಾರಿಯೇ ಇಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ನೀರಿನ ಲೋಟವನ್ನು ಕಂಡರೆ ನನ್ನ ಕೈ ನಡುಗುತ್ತಿತ್ತು. ಮೂರನೆಯ ವರ್ಷದಲ್ಲಿ ಗಂಟಲು ಕಿರಿದಾಗಿ ಗಟ್ಟಿ ಆಹಾರ ಸಿಕ್ಕಿಕೊಳ್ಳತೊಡಗಿದಾಗ ಒಮ್ಮೆ ಹಿಗ್ಗಿಸಬೇಕಾಯಿತು, ಅನಂತರ ತೊಂದರೆಯಾಗಿಲ್ಲ.

ಕಷ್ಟಗಳನ್ನು ಮುಚ್ಚಿಡುವುದಿಲ್ಲ. ಕವಾಟ ಶಾಶ್ವತವಲ್ಲ, ಶಿಲೀಂಧ್ರ ಬೆಳೆದು ಕೆಲವು ತಿಂಗಳುಗಳಿಗೊಮ್ಮೆ ಸೋರತೊಡಗುತ್ತದೆ, ಆಗ ಬದಲಿಸಬೇಕು. ನೀರು ಕುಡಿದ ಕೂಡಲೇ ಕೆಮ್ಮು ಬಂದರೆ ಬಣ್ಣದ ನೀರು ಕುಡಿದು ಕನ್ನಡಿಯಲ್ಲಿ ನೋಡುತ್ತೇನೆ, ಕವಾಟದ ನಡುವಿನಿಂದ ಸೋರುತ್ತಿದೆಯೇ ಸುತ್ತಲಿನಿಂದಲೇ ಎಂದು ತಿಳಿದು ವೈದ್ಯರಿಗೆ ಹೇಳುತ್ತೇನೆ. ಮೂಗಿನಿಂದ ಗಾಳಿ ಹೋಗದ ಕಾರಣ ವಾಸನೆ ತಿಳಿಯುವುದಿಲ್ಲ. ತುಟಿ ಮುಚ್ಚಿ, ದವಡೆಯನ್ನೂ ನಾಲಿಗೆಯನ್ನೂ ಕೆಳಗಿಳಿಸಿ, ಸಭೆಯಲ್ಲಿ ಆಕಳಿಕೆಯನ್ನು ಅಡಗಿಸಿದಂತೆ ಮಾಡಿದರೆ ಮೂಗಿನೊಳಗೆ ಸ್ವಲ್ಪ ಗಾಳಿ ಸುಳಿಯುತ್ತದೆ. ಅದನ್ನು ಕಲಿತ ದಿನ ಮಳೆ ಬಿದ್ದ ಮಣ್ಣಿನ ವಾಸನೆ ಮತ್ತೆ ಸಿಕ್ಕಿತು. ರಂಧ್ರದ ಮೇಲೆ ಗಾಳಿಯನ್ನು ಬೆಚ್ಚಗೆ, ತೇವವಾಗಿಡುವ ಒಂದು ಸಣ್ಣ ಮುಚ್ಚಳ ಹಾಕುತ್ತೇನೆ, ಅದಿಲ್ಲದೆ ಕಫ ಕಟ್ಟಿ ರಾತ್ರಿ ನಿದ್ದೆಯಿರುವುದಿಲ್ಲ. ಈಜುವಂತಿಲ್ಲ. ಥೈರಾಯ್ಡ್ ಹಾರ್ಮೋನ್ ಕುಸಿದಿತ್ತು, ದಿನವೂ ಮಾತ್ರೆ ನುಂಗುತ್ತೇನೆ. ದಣಿವು ಮತ್ತು ಮಂಕು ಮನಸ್ಸಿನ ಸಮಸ್ಯೆಯೆಂದು ಒಂದು ವರ್ಷ ಕಳೆದ ಮೇಲೆ ಅದು ಪತ್ತೆಯಾಯಿತು. ರಕ್ತಪರೀಕ್ಷೆಯನ್ನು ತಪ್ಪಿಸಬೇಡಿ.

ಅಂಚಿನಗೆರೆ:

ಅಣ್ಣನವರ ಹಟವನ್ನು ಬರಿಯ ಹಟವೆಂದು ತಳ್ಳಿಹಾಕಬಾರದು ಎಂಬುದಕ್ಕೆ ಒಂದು ಹಳೆಯ ಅಧ್ಯಯನ ನೆನಪಾಗುತ್ತದೆ. 1981ರಲ್ಲಿ ಅಮೆರಿಕದಲ್ಲಿ 37 ಆರೋಗ್ಯವಂತ ಸ್ವಯಂಸೇವಕರನ್ನು, ಅವರಲ್ಲಿ ಅಗ್ನಿಶಾಮಕ ಸಿಬ್ಬಂದಿಯೂ ಕಂಪನಿಗಳ ಹಿರಿಯ ಅಧಿಕಾರಿಗಳೂ ಇದ್ದರು, ಇದೇ ಪ್ರಶ್ನೆಯನ್ನು ಕೇಳಿದರು. ದನಿ ಉಳಿಯುವುದಾದರೆ ಆಯುಷ್ಯವನ್ನು ಎಷ್ಟು ಬಿಟ್ಟುಕೊಡುತ್ತೀರಿ? ಸುಮಾರು ಐದರಲ್ಲಿ ಒಬ್ಬರು, ಬದುಕುಳಿಯುವ ಸಂಭವ ಕಡಿಮೆಯಾದರೂ ಸರಿ, ದನಿ ಉಳಿಸುವ ಚಿಕಿತ್ಸೆಯೇ ಬೇಕು ಎಂದರು. ಉಳಿದವರ ಲೆಕ್ಕ ಬೇರೆಯಿತ್ತು. ಈ ತೂಕವನ್ನು ರೋಗಿಯ ಪರವಾಗಿ ಮನೆಯವರಾಗಲಿ ವೈದ್ಯರಾಗಲಿ ಹಾಕಲು ಬರುವುದಿಲ್ಲ.

ತಿಳಿನೀರು:

ಅಂಚಿನಗೆರೆಯವರ ಮಾತು ಸರಿ. ಆದರೆ ಆ ಸ್ವಯಂಸೇವಕರು ಆರೋಗ್ಯವಂತರು, ಅವರಲ್ಲಿ ಯಾರೂ ಕವಾಟದ ದನಿಯಲ್ಲಿ ಮಾತನಾಡುವವರ ಎದುರು ಕುಳಿತು ತೂಕ ಹಾಕಿರಲಾರರು. ದನಿ ಹೋಗುತ್ತದೆ ಎಂಬ ಎರಡು ಪದಗಳಿಂದ ಅಣ್ಣನವರ ಮನಸ್ಸಿನಲ್ಲಿ ಮೂಡಿರುವ ಚಿತ್ರ ಪೂರ್ತಿ ಮೌನದ್ದೇ ಇರಬೇಕು. ಎರಡನೆಯದನಿಯವರಂಥ ಒಬ್ಬರನ್ನು ಅವರು ಮುಖಾಮುಖಿ ಕಾಣಲಿ, ಹೊಟ್ಟೆನಳಿಕೆಯಿಂದ ಬದುಕುವುದು ಹೇಗಿರುತ್ತದೆ ಎಂಬುದನ್ನೂ ತಿಳಿಯಲಿ, ತೀರ್ಮಾನ ಅವರದೇ ಆಗಲಿ.

ಹೊಂಗೆನೆರಳು:

ಹನ್ನೆರಡು ದಿನಗಳ ಮೇಲೆ ಮತ್ತೆ ಬರೆಯುತ್ತಿದ್ದೇನೆ. ನೀವೆಲ್ಲ ಬರೆದದ್ದನ್ನು ಅಣ್ಣನಿಗೆ ಓದಿ ಹೇಳಿದೆ. ಮುಂಜಾವು ಅವರ ಮಾತನ್ನು ಎರಡು ಸಲ ಓದಿಸಿಕೊಂಡರು. ನುಂಗುವಿಕೆಯ ಪರೀಕ್ಷೆಗೆ ಒಪ್ಪಿಕೊಂಡದ್ದು ಆಮೇಲೆಯೇ.

ಎಂಡೋಸ್ಕೋಪಿನ ಪರದೆಯನ್ನು ನಾನೂ ನೋಡಿದೆ. ನೀಲಿ ಬಣ್ಣದ ನೀರು ನುಂಗಿದ ಮೇಲೆ ಒಂದು ಎಳೆ ಧ್ವನಿತಂತುಗಳ ನಡುವಿನಿಂದ ಕೆಳಗಿಳಿಯಿತು, ಅಣ್ಣ ಕೆಮ್ಮಲಿಲ್ಲ. ಹೇಗನಿಸಿತು ಎಂದು ಕೇಳಿದರೆ, ಚೆನ್ನಾಗಿ ಇಳಿಯಿತು ಎಂದರು. ಕಳೆದ ತಿಂಗಳು ಬಂದುಹೋದ ಜ್ವರ ಎಲ್ಲಿಂದ ಬಂತೆಂಬುದು ನಮಗೆ ಆಗ ಹೊಳೆಯಿತು. ಅರಿಟಿನಾಯ್ಡ್ ಕೂಡ ನಿಂತುಹೋಗಿದೆ. ಸಿಟಿ ಸ್ಕ್ಯಾನನ್ನು ಇನ್ನೊಮ್ಮೆ ಓದಿಸಿದಾಗ ಗಡ್ಡೆ ಥೈರಾಯ್ಡ್ ಮೃದ್ವಸ್ಥಿಯನ್ನು ದಾಟಿ ಹೊರಗಿನ ಸ್ನಾಯುವನ್ನು ಮುಟ್ಟಿದೆ ಎಂದು ತಿಳಿಯಿತು. ಶಸ್ತ್ರವೈದ್ಯರು, ರೇಡಿಯೇಷನ್ ವೈದ್ಯರು, ನುಂಗುವಿಕೆಯ ಚಿಕಿತ್ಸಕಿ ಮೂವರೂ ಒಂದೇ ಕೋಣೆಯಲ್ಲಿ ಕುಳಿತು ನಮ್ಮೊಡನೆ ಮಾತನಾಡಿದರು. ಪೂರ್ತಿ ತೆಗೆಯುವುದೇ ಸರಿ, ಅದಾದ ಮೇಲೆ ರೇಡಿಯೇಷನ್ ಕೊಡೋಣ ಎಂಬುದು ಮೂವರ ಅಭಿಪ್ರಾಯ. ಕೀಮೋ ಮತ್ತು ರೇಡಿಯೇಷನ್ ಮೊದಲು ಸೂಚಿಸಿದ್ದ ವೈದ್ಯರೇ ಈ ಮಾತನ್ನು ಮೊದಲು ಹೇಳಿದರು.

ಅಣ್ಣ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಎರಡನೆಯದನಿ ಎಂಬುವವರನ್ನು ಒಂದು ಪ್ರಶ್ನೆ ಕೇಳು ಎಂದರು. ಶಸ್ತ್ರಚಿಕಿತ್ಸೆಯಾದ ಎಷ್ಟು ದಿನಕ್ಕೆ ಮೊದಲ ಮಾತು ಆಡಿದಿರಿ? ಅಲ್ಲಿಯವರೆಗೆ ಏನು ಮಾಡಿದಿರಿ? ಮುಂದಿನ ವಾರ ದಿನ ಗೊತ್ತಾಗಿದೆ.

ಹಗಲುಪಾಳಿ:

ಸರಿಯಾದ ಕ್ರಮದಲ್ಲಿ ಸರಿಯಾದ ಪರೀಕ್ಷೆಗಳು ನಡೆದಿವೆ. ಒಂದು ವಿಷಯವನ್ನು ನಿಮ್ಮ ಶಸ್ತ್ರವೈದ್ಯರ ಬಳಿ ಈಗಲೇ ಮಾತನಾಡಿ: ಕವಾಟದ ದಾರಿಯನ್ನು ಅದೇ ಶಸ್ತ್ರಚಿಕಿತ್ಸೆಯಲ್ಲಿ ಮಾಡುತ್ತಾರೆಯೇ, ತಿಂಗಳುಗಳ ಅನಂತರವೇ? ಅನ್ನನಾಳದ ಬಾಯಿಯ ಬಿಗಿಸ್ನಾಯುವನ್ನು ಸಡಿಲಿಸುತ್ತಾರೆಯೇ ಎಂಬುದನ್ನೂ ಕೇಳಿ. ಅದು ಬಿಗಿಯಾಗಿಯೇ ಉಳಿದರೆ ಊದಿದ ಗಾಳಿ ಮೇಲೇರದೆ ದನಿ ಕಟ್ಟಿಕೊಳ್ಳುತ್ತದೆ.

ಎರಡನೆಯದನಿ:

ಅಣ್ಣನವರಿಗೆ ನನ್ನ ಉತ್ತರ. ನನಗೆ ಕವಾಟವನ್ನು ಅದೇ ದಿನ ಕೂರಿಸಿದ್ದರು. ಹದಿನಾರನೆಯ ದಿನ, ಗಂಟಲಿನ ಹೊಲಿಗೆ ಸೋರುತ್ತಿಲ್ಲವೆಂದು ಖಚಿತವಾದ ಮೇಲೆ, ಚಿಕಿತ್ಸಕಿ ನನ್ನ ಬೆರಳನ್ನು ರಂಧ್ರದ ಮೇಲಿಟ್ಟು ಆ ಎನ್ನಿ ಎಂದರು. ಸದ್ದು ಬಂತು. ಎರಡನೆಯ ಸಲಕ್ಕೆ ಹೆಂಡತಿಯ ಹೆಸರು ಹೇಳಿದೆ. ರೇಡಿಯೇಷನ್ನಿನ ವಾರಗಳಲ್ಲಿ ದನಿ ಮತ್ತೆ ಸೊರಗಿತು, ಆಮೇಲೆ ಮರಳಿತು. ಆಗ ಎದೆಗುಂದಬೇಡಿ.

ಅಲ್ಲಿಯವರೆಗೆ ಬರೆದು ಅಳಿಸುವ ಹಲಗೆಯೊಂದನ್ನು ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡಿದ್ದೆ. ನಿಮ್ಮ ಕೈಗೆ ಅದು ಹೊಸದೇನಲ್ಲ. ಕನ್ನಡಕವನ್ನು ಕೈಗೆಟುಕುವಲ್ಲಿ ಇಡಲು ಹೇಳಿ, ನಾನು ಮೊದಲ ಎರಡು ದಿನ ಅದಿಲ್ಲದೆ ಒದ್ದಾಡಿದೆ. ಕರೆಗಂಟೆ ಬಲಗೈ ಬಳಿ ಇರಲಿ, ಏಕೆಂದರೆ ಕೂಗಲು ಆಗುವುದಿಲ್ಲ. ಹಾಸಿಗೆಯ ತಲೆಯ ಕಡೆ, ಈ ರೋಗಿ ಕುತ್ತಿಗೆಯಿಂದ ಮಾತ್ರ ಉಸಿರಾಡುತ್ತಾರೆ, ಆಮ್ಲಜನಕವನ್ನು ಕುತ್ತಿಗೆಗೇ ಕೊಡಿ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ, ಅದೇ ಒಕ್ಕಣೆಯ ಚೀಟಿಯನ್ನು ಮನೆಗೆ ಬಂದ ಮೇಲೆ ಸದಾ ಜೇಬಿನಲ್ಲಿಡಿ. ಅವಸರದಲ್ಲಿ ಬಂದವರು ಅಭ್ಯಾಸಬಲದಿಂದ ಮೂಗು ಬಾಯಿಗೇ ಮುಖವಾಡ ಹಾಕುತ್ತಾರೆ.

ಹೊಂಗೆನೆರಳು:

ಹಲಗೆ ತಂದಿದ್ದೇನೆ. ಚೀಟಿಯನ್ನು ಅಣ್ಣ ತಾವೇ ತಮ್ಮ ಕೈಬರಹದಲ್ಲಿ ಎರಡು ಪ್ರತಿ ಬರೆದಿಟ್ಟುಕೊಂಡಿದ್ದಾರೆ. ಶಸ್ತ್ರಚಿಕಿತ್ಸೆ ಗುರುವಾರ ಬೆಳಗ್ಗೆ.